ಅರಿರಾಂಗ್: ಒಂದು ಜನಪದ ಗೀತೆ, ಒಡೆದ ಒಂದು ನಾಡು

ಎರಡು ದೇಶಗಳ ಆಟಗಾರರು ಒಂದೇ ತಂಡವಾಗಿ ಆಡಿ ಗೆದ್ದರೆ, ಪದಕ ಕೊಡುವ ಹೊತ್ತಿಗೆ ಯಾವ ದೇಶದ ರಾಷ್ಟ್ರಗೀತೆ ನುಡಿಸಬೇಕು? ಪ್ರಿಯ ಓದುಗರೇ, ಇದು ರಸಪ್ರಶ್ನೆ ಕಾರ್ಯಕ್ರಮಕ್ಕೆಂದು ಹೊಸೆದ ಪ್ರಶ್ನೆಯಲ್ಲ. 1991ರ ಏಪ್ರಿಲ್ 29ರಂದು ಜಪಾನಿನ ಚಿಬಾ ನಗರದಲ್ಲಿ ಇಂತಹ ಸಂದರ್ಭ ನಿಜವಾಗಿಯೂ ಬಂದಿತ್ತು. ವಿಶ್ವ ಟೇಬಲ್ ಟೆನಿಸ್ ಚಾಂಪಿಯನ್‌ಶಿಪ್‌ಗೆ ಉತ್ತರ ಕೊರಿಯಾ ಮತ್ತು ದಕ್ಷಿಣ ಕೊರಿಯಾ ಸೇರಿ ಒಂದೇ ತಂಡವನ್ನು ಕಳುಹಿಸಿದ್ದವು. ಮಹಿಳೆಯರ ತಂಡ ವಿಭಾಗದಲ್ಲಿ 1975ರಿಂದ ಸತತ ಎಂಟು ಸಲ ಗೆದ್ದಿದ್ದ ಚೀನಾವನ್ನು ದಕ್ಷಿಣದ ಹ್ಯುನ್ ಜಂಗ್-ಹ್ವಾ, ಉತ್ತರದ ರಿ ಪುನ್-ಹುಯಿ ಮತ್ತು ಅವರ ಜೊತೆಗಾರ್ತಿಯರು ಸೋಲಿಸಿದರು. ಬಿಳಿಯ ಬಟ್ಟೆಯ ಮೇಲೆ ನೀಲಿ ಬಣ್ಣದಲ್ಲಿ ಇಡೀ ಕೊರಿಯಾದ ನಕಾಶೆ ಇದ್ದ ಬಾವುಟ ಮೇಲೇರಿತು. ಉತ್ತರದ ರಾಷ್ಟ್ರಗೀತೆಯೂ ಕೇಳಿಸಲಿಲ್ಲ, ದಕ್ಷಿಣದ ರಾಷ್ಟ್ರಗೀತೆಯೂ ಕೇಳಿಸಲಿಲ್ಲ. ಕೇಳಿಸಿದ್ದು ಒಂದು ಜನಪದ ಗೀತೆ. ಅದರ ಹೆಸರು ‘ಅರಿರಾಂಗ್’.

ರಾಷ್ಟ್ರಗೀತೆಯ ಸ್ಥಾನದಲ್ಲಿ ನಿಂತ ಈ ಹಾಡಿನಲ್ಲಿ ದೇಶದ ವರ್ಣನೆಯಿದೆಯೇ, ವೀರರ ಸ್ತುತಿಯಿದೆಯೇ ಎಂದು ನೀವು ಕೇಳಬಹುದು. ಅಂಥದ್ದೇನೂ ಇಲ್ಲ. ಬಿಟ್ಟುಹೋದ ಪ್ರಿಯಕರನನ್ನು ನೆನೆದು ಒಬ್ಬ ಹೆಂಗಸು ಹಾಡಿಕೊಳ್ಳುವ ಹಾಡು ಅದು. ಅವನು ಒಂದು ಬೆಟ್ಟದ ಕಣಿವೆದಾರಿಯನ್ನು ಏರಿ ಆಚೆಗೆ ಇಳಿದು ಹೋಗುತ್ತಿದ್ದಾನೆ. ಇವಳು ಈಚೆ ನಿಂತು ನೋಡುತ್ತಿದ್ದಾಳೆ. ತನ್ನನ್ನು ತೊರೆದು ಹೋಗುವವನು ಹೆಚ್ಚು ದೂರ ನಡೆಯುವ ಮೊದಲೇ ಕಾಲುನೋವಿನಿಂದ ಕುಳಿತುಬಿಡಲಿ ಎನ್ನುವುದು ಅವಳ ಮನಸ್ಸು. ಹಾಡಿನಲ್ಲಿ ಬರುವ ದೂರ ಹತ್ತು ‘ರಿ’. ಕೊರಿಯಾದ ಹಳೆಯ ಅಳತೆಯಲ್ಲಿ ಅದು ಸುಮಾರು ನಾಲ್ಕು ಕಿಲೋಮೀಟರ್. ನಮ್ಮ ಹಿರಿಯರ ಲೆಕ್ಕದಲ್ಲಿ ಒಂದು ಹರದಾರಿಯೂ ಆಗಲಿಲ್ಲ.

ಇದು ಶಾಪವೋ, ಹಾರೈಕೆಯೋ? ಹಾಡಿನ ತಿರುಳು ಇಲ್ಲಿಯೇ ಇದೆ ಎಂದು ನನಗೆ ಅನಿಸುತ್ತದೆ. ಅವನಿಗೆ ಕೇಡಾಗಲಿ ಎಂದು ಅವಳು ಬಯಸುತ್ತಿಲ್ಲ. ಕಾಲು ನೋಯಲಿ ಎಂದರೆ ನಿಲ್ಲಲಿ ಎಂದರ್ಥ; ನಿಂತರೆ ಹಿಂದಿರುಗಿ ನೋಡಿಯಾನು. ಕೋಪದ ಮಾತಿನೊಳಗೆ ‘ಬಾ’ ಎಂಬ ಕರೆ ಅಡಗಿದೆ. ದುಡಿಮೆಗೆಂದು ದೂರದೇಶಕ್ಕೆ ಹೋದ ಮಗನಿಗೆ ಫೋನಿನಲ್ಲಿ ಬೈಯುತ್ತಲೇ ಊರಿಗೆ ಯಾವಾಗ ಬರುತ್ತೀಯೆಂದು ಕೇಳುವ ತಾಯಂದಿರು ನಮ್ಮ ಕರಾವಳಿಯ ಮನೆಗಳಲ್ಲೂ ಇದ್ದಾರಲ್ಲವೇ? ಅವರಿಗೆ ಈ ಹಾಡನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ‘ಅರಿರಾಂಗ್’ ಎಂಬ ಪದದ ಅರ್ಥವೇನು? ಆಶ್ಚರ್ಯವೆಂದರೆ ಅದರ ಬಗ್ಗೆ ಒಮ್ಮತವಿಲ್ಲ. ಮಿರ್ಯಾಂಗ್ ಎಂಬ ಊರಿನವರು ಅದು ಮಾನ ಕಾಪಾಡಿಕೊಳ್ಳಲು ಪ್ರಾಣ ಕೊಟ್ಟ ‘ಅರಾಂಗ್’ ಎಂಬ ಹುಡುಗಿಯ ಹೆಸರಿನಿಂದ ಬಂತು ಎನ್ನುತ್ತಾರೆ. ಪ್ರಾಚೀನ ಸಿಲ್ಲಾ ರಾಜ್ಯದ ಮೊದಲ ರಾಣಿ ‘ಅಲ್‌ಯಾಂಗ್’ ಅವಳ ಹೆಸರೇ ಹೀಗಾಯಿತು ಎನ್ನುವವರಿದ್ದಾರೆ. ಅರಮನೆ ಕಟ್ಟಲು ಬಿಟ್ಟಿಗೆ ಹಿಡಿದ ಜನ, ಹೊಸ ಹೊಸ ತೆರಿಗೆಗಳ ಸುದ್ದಿ ಕೇಳಲಾರದೆ ‘ನನ್ನ ಕಿವಿ ಕಿವುಡಾಗಿದೆ’ ಎಂದು ಹೇಳಿಕೊಂಡ ಚೀನೀ ಮೂಲದ ಮಾತೇ ಹಾಡಾಯಿತು ಎಂಬ ಕಥೆಯೂ ಇದೆ. ಇಂತಹ ವಿವರಣೆಗಳು ಹತ್ತಾರು. ಬಹಳಷ್ಟು ವಿದ್ವಾಂಸರ ಒಲವು ಮಾತ್ರ ಸರಳವಾದ ಉತ್ತರದ ಕಡೆಗಿದೆ: ಅದಕ್ಕೆ ನಿಘಂಟಿನ ಅರ್ಥವಿಲ್ಲ, ಅದು ನಮ್ಮ ಜನಪದ ಹಾಡುಗಳ ‘ಸುವ್ವಿ’, ‘ತಂದಾನ’ಗಳಂತೆ ಹಾಡುವ ಬಾಯಿಗೆ ಹಿತವಾದ ಸೊಲ್ಲು. ಅರ್ಥ ಗಟ್ಟಿಯಾಗಿಲ್ಲದ್ದರಿಂದಲೇ ಅದರೊಳಗೆ ಪ್ರತಿಯೊಬ್ಬರೂ ತಮ್ಮ ಅರ್ಥವನ್ನು ಇಡಲು ಸಾಧ್ಯವಾಯಿತು. ಹಾಡಿನಲ್ಲಿ ಬರುವ ‘ಅರಿರಾಂಗ್ ಕಣಿವೆ’ಯೂ ಹಾಗೆಯೇ. ಅದು ನಕಾಶೆಯಲ್ಲಿ ಎಲ್ಲಿದೆ ಎಂದು ಹುಡುಕಿದರೆ ಆ ಹೆಸರಿನ ದಾರಿಗಳು ಹಲವು ಸಿಗುತ್ತವೆ. ಅವುಗಳಲ್ಲಿ ಮೂಲ ಯಾವುದು ಎಂದು ಯಾರೂ ಸಾಧಿಸಿ ತೋರಿಸಿಲ್ಲ.

ಒಂದು ಹಾಡು ಎಂದು ನಾನು ಬರೆಯುತ್ತಿದ್ದರೂ ಅರಿರಾಂಗ್ ಒಂದೇ ಹಾಡಲ್ಲ. ಸುಮಾರು 60 ಬಗೆಗಳು, ಅವುಗಳಲ್ಲಿ ಒಟ್ಟು 3,600ರಷ್ಟು ಪಾಠಾಂತರಗಳು ಇವೆಯೆಂದು ಯುನೆಸ್ಕೋ ದಾಖಲೆ ಹೇಳುತ್ತದೆ. ಪಲ್ಲವಿ ಒಂದೇ, ಚರಣಗಳು ಊರೂರಿಗೆ ಬೇರೆ. ಬೀಸುವ ಕಲ್ಲಿನ ಮುಂದೆ ಕುಳಿತ ನಮ್ಮ ಅಜ್ಜಿಯರು ಹಳೆಯ ಧಾಟಿಗೆ ಅಂದಿನ ಸುಖದುಃಖವನ್ನು ಸೇರಿಸಿ ಹೊಸ ತ್ರಿಪದಿ ಹಾಡುತ್ತಿದ್ದರಲ್ಲ, ಅದೇ ಕ್ರಮ. ದಕ್ಷಿಣ ಕೊರಿಯಾದಲ್ಲಿ ಮೂರು ಅರಿರಾಂಗ್‌ಗಳಿಗೆ ವಿಶೇಷ ಸ್ಥಾನವಿದೆ. ನೈಋತ್ಯದ ಜಿಂದೊ ದ್ವೀಪದ್ದು ಲವಲವಿಕೆಯದು. ಆಗ್ನೇಯದ ಮಿರ್ಯಾಂಗ್‌ನದ್ದು ಚುರುಕಾದ ಹೆಜ್ಜೆಯದು. ಪೂರ್ವದ ಗ್ಯಾಂಗ್‌ವಾನ್ ಪ್ರಾಂತದ ಬೆಟ್ಟಸೀಮೆಯಾದ ಜೊಂಗ್‌ಸನ್‌ನದ್ದು ನಿಧಾನ ಮತ್ತು ದೀರ್ಘ. ‘ಹನ್’ ಎಂಬ ಕೊರಿಯನ್ ಪದವೊಂದಿದೆ. ಹೇಳಿಕೊಳ್ಳಲಾಗದೆ ಎದೆಯಲ್ಲಿ ಹೆಪ್ಪುಗಟ್ಟಿದ ದುಃಖ ಎಂದು ಅದರ ಭಾವ. ಅರಿರಾಂಗ್ ಎಂದರೆ ಹನ್, ಹನ್ ಎಂದರೆ ಅರಿರಾಂಗ್ ಎಂದು ಬರೆದು ಮುಗಿಸುವವರು ಬಹಳ. ಮಿರ್ಯಾಂಗ್‌ನ ಧಾಟಿಯನ್ನು ಒಮ್ಮೆ ಕೇಳಿದರೆ ಆ ಮಾತು ಅರ್ಧಸತ್ಯವೆಂದು ನಿಮಗೇ ತಿಳಿಯುತ್ತದೆ.

ಜೊಂಗ್‌ಸನ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಅಲ್ಲಿ ಔರಾಜಿ ಎಂಬಲ್ಲಿ ಎರಡು ಹೊಳೆಗಳು ಕೂಡುತ್ತವೆ. ಮಳೆ ಬಂದು ಹೊಳೆ ಉಕ್ಕಿದಾಗ ಆಚೆ ದಡದ ಹುಡುಗನನ್ನು ಸೇರಲಾಗದೆ ದೋಣಿಯವನನ್ನು ಬೇಡಿಕೊಳ್ಳುವ ಹುಡುಗಿಯ ಕಥೆ ಅಲ್ಲಿನ ಹಾಡಿನಲ್ಲಿದೆ. ಅಲ್ಲಿಂದಲೇ ಬೆಟ್ಟದ ದೇವದಾರು ಜಾತಿಯ ಮರದ ದಿಮ್ಮಿಗಳನ್ನು ತೆಪ್ಪವಾಗಿ ಕಟ್ಟಿ, ಹಾನ್ ನದಿಯ ಸೆಳವಿನಲ್ಲಿ ರಾಜಧಾನಿ ಸಿಯೋಲ್‌ಗೆ ಸಾಗಿಸುತ್ತಿದ್ದರು. ತೆಪ್ಪದ ಕೆಲಸ ಜೀವದ ಮೇಲಿನ ಆಸೆ ಬಿಟ್ಟು ಮಾಡುವಂಥದ್ದು. ಅವರ ಬಾಯಲ್ಲಿ ಹಾಡು ನದಿಗುಂಟ ಇಳಿಯಿತು. ಸಿಯೋಲ್‌ನ ಗ್ಯೊಂಗ್‌ಬೊಕ್ ಅರಮನೆ 1592ರ ಜಪಾನೀ ಆಕ್ರಮಣದ ಕಾಲದಲ್ಲಿ ಸುಟ್ಟುಹೋಗಿ, ಸುಮಾರು 270 ವರ್ಷ ಪಾಳುಬಿದ್ದಿತ್ತು. 1865ರಲ್ಲಿ ಬಾಲರಾಜನ ತಂದೆ, ಆಳ್ವಿಕೆಯ ಸೂತ್ರ ಹಿಡಿದಿದ್ದ ದೇವನ್‌ಗುನ್, ಅದನ್ನು ಮತ್ತೆ ಕಟ್ಟಿಸತೊಡಗಿದನು. ಮರ ಬೇಕಾಯಿತು, ಹಣ ಬೇಕಾಯಿತು, ಆಳು ಬೇಕಾಯಿತು. ನಾಡಿನ ಮೂಲೆಮೂಲೆಯಿಂದ ಬಂದ ಕೂಲಿಗಳು ಹಗಲು ಕಲ್ಲು ಹೊತ್ತು, ತಂತಮ್ಮ ಊರಿನ ಹಾಡು ಹಾಡಿಕೊಂಡರು. ಊರಿಗೆ ಮರಳುವಾಗ ಪರಊರಿನ ಹಾಡನ್ನೂ ಒಯ್ದರು. ಬೆಟ್ಟದ ಹಾಡು ನಾಡಿನ ಹಾಡಾದದ್ದು ಈ ಬೆವರಿನ ಸಂತೆಯಲ್ಲಿ ಎಂದು ಅನೇಕ ಸಂಶೋಧಕರು ನಂಬುತ್ತಾರೆ.

ಹಾಡು ಕಾಗದಕ್ಕೆ ಬಂದದ್ದು 1896ರಲ್ಲಿ. 1886ರಲ್ಲಿ ಸರಕಾರಿ ಇಂಗ್ಲಿಷ್ ಶಾಲೆಯ ಶಿಕ್ಷಕನಾಗಿ ಬಂದಿದ್ದ ಅಮೆರಿಕದ ಹೋಮರ್ ಹಲ್ಬರ್ಟ್, ಸಿಯೋಲ್‌ನ ಒಂದು ಇಂಗ್ಲಿಷ್ ಮಾಸಿಕದಲ್ಲಿ ಅದರ ಸ್ವರಲಿಪಿಯನ್ನು ಪ್ರಕಟಿಸಿದರು. ಕೊರಿಯನ್ನರ ಊಟದಲ್ಲಿ ಅನ್ನಕ್ಕಿರುವ ಸ್ಥಾನ ಅವರ ಹಾಡುಗಳಲ್ಲಿ ಇದಕ್ಕಿದೆ ಎಂಬುದು ಅವರ ಅಭಿಪ್ರಾಯವಾಗಿತ್ತು. ಈ ಶಿಕ್ಷಕ ಮುಂದೆ ಕೊರಿಯಾದ ಸ್ವಾತಂತ್ರ್ಯಕ್ಕಾಗಿ ವಾದಿಸಿ ಜಪಾನಿನ ಕೆಂಗಣ್ಣಿಗೆ ಗುರಿಯಾದರು. 1949ರಲ್ಲಿ ಸಿಯೋಲ್‌ಗೆ ಮರಳಿ ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡು ಅಲ್ಲಿಯೇ ಮಣ್ಣಾದರು. ಅದೇ 1896ರ ಜುಲೈಯಲ್ಲಿ ವಾಷಿಂಗ್ಟನ್‌ನಲ್ಲಿ ಓದುತ್ತಿದ್ದ ಕೊರಿಯನ್ ವಿದ್ಯಾರ್ಥಿಗಳ ಬಾಯಿಂದ ಈ ಹಾಡನ್ನು ಆಲಿಸ್ ಫ್ಲೆಚರ್ ಎಂಬ ಮಾನವಶಾಸ್ತ್ರಜ್ಞೆ ಮೇಣದ ಉರುಳೆಯ ಮೇಲೆ ಮುದ್ರಿಸಿಕೊಂಡರು. ಆ ಧ್ವನಿಮುದ್ರಣ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ವಿದ್ಯಾರ್ಥಿ ಮಿತ್ರರೇ, ಗಮನಿಸಿ: ಮನೆಯಿಂದ ಸಾವಿರಾರು ಮೈಲಿ ದೂರದಲ್ಲಿದ್ದ ಹುಡುಗರಿಗೆ ನಿಮ್ಮ ನಾಡಿನ ಹಾಡು ಹಾಡಿ ಎಂದಾಗ ನೆನಪಾದ ಹಾಡುಗಳಲ್ಲಿ ಇದೂ ಒಂದು.

1910ರಲ್ಲಿ ಜಪಾನ್ ಕೊರಿಯಾವನ್ನು ನುಂಗಿಕೊಂಡಿತು. 1919ರ ಮಾರ್ಚ್ 1ರಂದು ದೇಶದುದ್ದಕ್ಕೂ ಜನ ಬೀದಿಗಿಳಿದು ಸ್ವಾತಂತ್ರ್ಯ ಘೋಷಿಸಿದರು. ಆ ಚಳವಳಿಯನ್ನು ಗುಂಡು, ಲಾಠಿ, ಸೆರೆಮನೆಗಳಿಂದ ಹತ್ತಿಕ್ಕಲಾಯಿತು. ನಮ್ಮ ಜಲಿಯನ್‌ವಾಲಾಬಾಗ್ ನಡೆದದ್ದೂ ಅದೇ ವರ್ಷ, ಆರು ವಾರಗಳ ಬಳಿಕ. ಇನ್ನು ಏಳು ವರ್ಷ ದಾಟಿ ಬನ್ನಿ. 1926ರ ಅಕ್ಟೋಬರ್ 1. ಗ್ಯೊಂಗ್‌ಬೊಕ್ ಅರಮನೆಯ ಆವರಣದಲ್ಲೇ, ಅರಮನೆಯನ್ನು ಮರೆಮಾಡುವಂತೆ ಕಟ್ಟಿದ ಜಪಾನೀ ಗವರ್ನರ್ ಜನರಲ್ ಕಚೇರಿಯ ಭಾರಿ ಕಟ್ಟಡಕ್ಕೆ ಅಂದು ಸಮಾರೋಪದ ಸಮಾರಂಭ. ಅದೇ ದಿನ ಅದೇ ನಗರದ ದನ್‌ಸಂಗ್‌ಸಾ ಚಿತ್ರಮಂದಿರದಲ್ಲಿ ಒಂದು ಮೂಕಿ ಚಿತ್ರ ಬಿಡುಗಡೆಯಾಯಿತು. ಹೆಸರು ‘ಅರಿರಾಂಗ್’. ಬರೆದು, ನಿರ್ದೇಶಿಸಿ, ನಾಯಕನ ಪಾತ್ರ ಮಾಡಿದವನು ಇಪ್ಪತ್ತನಾಲ್ಕರ ಆಸುಪಾಸಿನ ನಾ ಉನ್-ಗ್ಯು.

ಕಥೆ ಸರಳ. 1919ರ ಚಳವಳಿಯಲ್ಲಿ ಸಿಕ್ಕಿಬಿದ್ದು ಚಿತ್ರಹಿಂಸೆಯಿಂದ ಬುದ್ಧಿಭ್ರಮಣೆಯಾದ ಒಬ್ಬ ವಿದ್ಯಾರ್ಥಿ ಹಳ್ಳಿಗೆ ಮರಳಿದ್ದಾನೆ. ಜಮೀನುದಾರನ ಬಂಟ, ಪೊಲೀಸರ ಕೈಯಾಳು, ಅವನ ತಂಗಿಯ ಮೇಲೆ ಕೈಮಾಡಲು ಬಂದಾಗ ಹುಚ್ಚನಾದ ಅಣ್ಣ ಅವನನ್ನು ಕೊಲ್ಲುತ್ತಾನೆ. ರಕ್ತ ಕಂಡ ಆ ಗಳಿಗೆಯಲ್ಲಿ ಅವನಿಗೆ ಬುದ್ಧಿ ತಿಳಿಯಾಗುತ್ತದೆ. ಕೊನೆಗೆ ಹಗ್ಗ ಬಿಗಿದು ಪೊಲೀಸರು ಅವನನ್ನು ಬೆಟ್ಟದ ಕಣಿವೆದಾರಿಯಲ್ಲಿ ಕರೆದೊಯ್ಯುತ್ತಾರೆ. ಊರವರು ಹಾಡುತ್ತಾರೆ. ಚಿತ್ರ ಮೂಕವಾದ್ದರಿಂದ ಹಾಡನ್ನು ಚಿತ್ರಮಂದಿರದಲ್ಲಿಯೇ ಹಾಡಬೇಕಾಗಿತ್ತು. ಪ್ರೇಕ್ಷಕರು ಅಳುತ್ತಾ ದನಿಗೂಡಿಸಿದರೆಂದು ನೋಡಿದವರು ನೆನೆದಿದ್ದಾರೆ. ಈಗ ಯೋಚಿಸಿ. ಹಾಡಿನ ಮಾತು ಬದಲಾಗಿಲ್ಲ, ಕಣಿವೆ ದಾಟಿ ಹೋಗುವವನು ಮಾತ್ರ ಬದಲಾಗಿದ್ದಾನೆ. ಕೈಬಿಟ್ಟು ಹೋದ ಪ್ರಿಯಕರನ ಜಾಗದಲ್ಲಿ ಕೈಕಟ್ಟಿಸಿಕೊಂಡು ಹೋಗುವ ಮಗನಿದ್ದಾನೆ. ಒಂದು ಪ್ರೇಮಗೀತೆ ನಾಡಿನ ಗೀತೆಯಾಗಲು ಅಷ್ಟೇ ಸಾಕಾಯಿತು. ಚಿತ್ರದ ಪ್ರಚಾರಪತ್ರದಲ್ಲಿ ಅಚ್ಚಾದ ಹಾಡಿನ ಒಂದು ಚರಣ ಅಧಿಕಾರಿಗಳಿಗೆ ಹಿಡಿಸದೆ ಆ ಪತ್ರಗಳು ಮುಟ್ಟುಗೋಲಾದವು. ನಾ ಉನ್-ಗ್ಯು ಹುಟ್ಟಿದ್ದು ಈಶಾನ್ಯದ ಗಡಿಯೂರು ಹೊರ್ಯಾಂಗ್‌ನಲ್ಲಿ. ಬಾಲ್ಯದಲ್ಲಿ ಅಲ್ಲಿಗೆ ರೈಲುದಾರಿ ಹಾಕಲು ದಕ್ಷಿಣದಿಂದ ಬಂದ ಕೂಲಿಗಳ ಬಾಯಲ್ಲಿ ಈ ಹಾಡು ಕೇಳಿದ್ದಾಗಿ ಅವನೇ ಹೇಳಿಕೊಂಡಿದ್ದಾನೆ. 1937ರಲ್ಲಿ ಅವನು ಎಳೆಯ ವಯಸ್ಸಿನಲ್ಲೇ ತೀರಿಹೋದ. ಅವನ ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಹಾಡು ಮಾತ್ರ ಉಳಿದಿದೆ. ಲೋಕವೆಲ್ಲ ಇಂದು ಅರಿರಾಂಗ್ ಎಂದು ಗುರುತಿಸುವುದು ಆ ಚಿತ್ರದಿಂದ ಹರಡಿದ ಧಾಟಿಯನ್ನೇ.

ಇತಿಹಾಸ ಓದುವವರು ಇಲ್ಲಿ ಎರಡು ವಿಷಯಗಳಲ್ಲಿ ಎಚ್ಚರದಿಂದಿರಬೇಕು. ಅರಿರಾಂಗ್ ಆರುನೂರು ವರ್ಷ ಹಳೆಯದು, 1392ರಲ್ಲಿ ಗೊರ್ಯೊ ವಂಶ ಅಳಿದಾಗ ಜೊಂಗ್‌ಸನ್ ಬೆಟ್ಟ ಸೇರಿದ ರಾಜನಿಷ್ಠರು ಹಾಡಿದ್ದು ಎಂಬ ಮಾತು ಪ್ರವಾಸಿ ಪುಸ್ತಕಗಳಲ್ಲಿ ಕಾಣುತ್ತದೆ. ಅದು ಐತಿಹ್ಯ. ಜೊಂಗ್‌ಸನ್‌ನ ಧಾಟಿ ಹಳೆಯದಿರಬಹುದು, ಆದರೆ ಎಲ್ಲರ ಬಾಯಲ್ಲಿರುವ ಅರಿರಾಂಗ್‌ಗೆ ಸುಮಾರು ನೂರು ವರ್ಷ ಅಷ್ಟೆ. ಎರಡನೆಯದು, ಜಪಾನೀಯರು ಈ ಹಾಡನ್ನು ಪೂರ್ತಿಯಾಗಿ ನಿಷೇಧಿಸಿದ್ದರು ಎಂಬುದು. ಕೆಲವು ಚರಣಗಳ ಮೇಲೆ ಕತ್ತರಿ ಬಿದ್ದದ್ದು ನಿಜ. ಆದರೆ 1930ರ ದಶಕದಲ್ಲಿ ಜಪಾನಿನ ಗ್ರಾಮಫೋನ್ ಕಂಪನಿಗಳೇ ಅರಿರಾಂಗ್ ತಟ್ಟೆಗಳನ್ನು ಮಾರಿದವು, ಜಪಾನೀ ಭಾಷೆಯಲ್ಲಿಯೂ ಹಾಡಿಸಿದವು; ಅಲ್ಲಿನ ಜನ ಇಷ್ಟಪಟ್ಟು ಕೊಂಡರು. ಆಳುವವರು ಆಳಿಸಿಕೊಳ್ಳುವವರ ಹಾಡನ್ನು ಮೆಚ್ಚಿ ಕೇಳುತ್ತಲೇ ಅವರ ಭಾಷೆಯನ್ನು ಶಾಲೆಯಿಂದ ಹೊರಹಾಕುತ್ತಿದ್ದರು. ನಿಷೇಧದ ಕಥೆಗಿಂತ ಈ ನಿಜವೇ ನನ್ನನ್ನು ಹೆಚ್ಚು ಕಾಡುತ್ತದೆ.

ಈ ನಡುವೆ ಹಾಡು ದೇಶದ ಗಡಿ ದಾಟಿ ಬಹಳ ದೂರ ಹೋಗಿತ್ತು. ಮೊದಲ ಮಹಾಯುದ್ಧದಲ್ಲಿ ರಷ್ಯಾದ ಸೈನಿಕರಾಗಿ ಹೋರಾಡಿ ಜರ್ಮನಿಯಲ್ಲಿ ಸೆರೆಸಿಕ್ಕ ಕೊರಿಯನ್ನರ ದನಿಯಲ್ಲಿಯೂ ಅದರ ಮುದ್ರಣವಿದೆ. 1937ರಲ್ಲಿ ಸ್ಟಾಲಿನ್‌ನ ಆಜ್ಞೆಯಂತೆ ಸೋವಿಯತ್ ದೂರಪ್ರಾಚ್ಯದಲ್ಲಿದ್ದ ಸುಮಾರು 1,72,000 ಕೊರಿಯನ್ನರನ್ನು ಸರಕು ರೈಲುಗಳಲ್ಲಿ ತುಂಬಿ ಕಜಕಸ್ತಾನ, ಉಜ್ಬೇಕಿಸ್ತಾನಗಳ ಬಯಲಿಗೆ ತಳ್ಳಲಾಯಿತು. ದಾರಿಯಲ್ಲಿ ಮಕ್ಕಳು, ಮುದುಕರು ಸತ್ತರು. ಮೊದಲ ಚಳಿಗಾಲವನ್ನು ಹಲವರು ನೆಲದಲ್ಲಿ ಗುಂಡಿ ತೋಡಿಕೊಂಡು ಕಳೆದರು. ಆ ದಿನಗಳಲ್ಲಿ ಸ್ವತಃ ಬಡವರಾಗಿದ್ದ ಕಜಕ್ ಮತ್ತು ಉಜ್ಬೆಕ್ ನೆರೆಯವರು ರೊಟ್ಟಿ ಹಂಚಿಕೊಂಡದ್ದನ್ನು ಅವರ ಮೊಮ್ಮಕ್ಕಳು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. ಅವರಲ್ಲಿ ಎಷ್ಟೋ ಮಂದಿಗೆ ಈಗ ಕೊರಿಯನ್ ಮಾತು ಬರುವುದಿಲ್ಲ, ರಷ್ಯನ್ ಮನೆಮಾತಾಗಿದೆ. ಆದರೂ ಅರಿರಾಂಗ್ ಬರುತ್ತದೆ. ಚೀನಾದಲ್ಲಿದ್ದ ಕೊರಿಯನ್ ವಿಮೋಚನಾ ಸೇನೆ ಮಿರ್ಯಾಂಗ್‌ನ ಧಾಟಿಗೆ ಹೊಸ ಮಾತು ಹಾಕಿ ತನ್ನ ಹಾಡು ಮಾಡಿಕೊಂಡಿತು. ಈ ಸೇನೆಯ ಒಂದು ಸಣ್ಣ ತುಕಡಿ 1943ರಲ್ಲಿ ಭಾರತಕ್ಕೂ ಬಂದು, ಇಂಫಾಲ ಮತ್ತು ಬರ್ಮಾ ರಂಗದಲ್ಲಿ ಬ್ರಿಟಿಷರ ಜೊತೆ ಕೆಲಸ ಮಾಡಿತೆಂಬುದು ನಮ್ಮಲ್ಲಿ ಕೆಲವರಿಗಷ್ಟೇ ಗೊತ್ತು.

1945ರ ಆಗಸ್ಟ್ 15ರಂದು ಕೊರಿಯಾಕ್ಕೆ ಬಿಡುಗಡೆ ಬಂತು. ತಾರೀಕು ನಮ್ಮದೇ, ವರ್ಷ ಎರಡು ಮೊದಲು. ದುಃಖದಲ್ಲಿಯೂ ನಾವು ಸಮಾನರು: ಬಿಡುಗಡೆಯೊಂದಿಗೆ ವಿಭಜನೆಯೂ ಬಂತು. 38ನೇ ಅಕ್ಷಾಂಶದ ಗೆರೆಯ ಉತ್ತರಕ್ಕೆ ಸೋವಿಯತ್ ಸೇನೆ, ದಕ್ಷಿಣಕ್ಕೆ ಅಮೆರಿಕದ ಸೇನೆ. 1948ರಲ್ಲಿ ಎರಡು ಸರಕಾರಗಳಾದವು. 1950ರ ಜೂನ್ 25ರಂದು ಯುದ್ಧ ಆರಂಭವಾಗಿ 1953ರ ಜುಲೈ 27ರಂದು ಕದನವಿರಾಮವಾಯಿತು. ಶಾಂತಿ ಒಪ್ಪಂದವಂತೂ ಆಗಲೇ ಇಲ್ಲ. ಹಾಡಿನ ಕಣಿವೆದಾರಿಗೆ ಈಗ ಮುಳ್ಳುತಂತಿ ಬಿದ್ದಿತು. ಲಕ್ಷಾಂತರ ಕುಟುಂಬಗಳಲ್ಲಿ ಒಬ್ಬರು ಆಚೆ, ಇನ್ನೊಬ್ಬರು ಈಚೆ.

ಈ ಇತಿಹಾಸದಲ್ಲಿ ಕನ್ನಡನಾಡಿನ ಒಬ್ಬರ ಹೆಸರೂ ಇದೆ. ಊರಿಗೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಹಣೆಬರಹ ತೀರ್ಮಾನಿಸಲು ನೇಮಕವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ಮಡಿಕೇರಿಯಲ್ಲಿ ಹುಟ್ಟಿದ ಲೆಫ್ಟಿನೆಂಟ್ ಜನರಲ್ ಕೆ. ಎಸ್. ತಿಮ್ಮಯ್ಯ. ಕೈದಿಗಳ ಕಾವಲು ಭಾರತೀಯ ಸೇನೆಯದು. ಉತ್ತರವೂ ಬೇಡ, ದಕ್ಷಿಣವೂ ಬೇಡ, ಚೀನಾ ತೈವಾನುಗಳೂ ಬೇಡ ಎಂದ 88 ಮಂದಿ 1954ರಲ್ಲಿ ನಮ್ಮ ಸೈನಿಕರ ಜೊತೆ ಭಾರತಕ್ಕೆ ಬಂದರು. ಕೆಲವರು ಇಲ್ಲಿಯೇ ಉಳಿದರು. ಹೆಚ್ಚಿನವರು ಬ್ರೆಜಿಲ್, ಅರ್ಜೆಂಟೀನಾಗಳಿಗೆ ಹೋದರು. ಸ್ವಂತ ನಾಡು ಎರಡಾದಾಗ ಎರಡರಲ್ಲೂ ತನಗೆ ಜಾಗವಿಲ್ಲ ಎನ್ನುವವನ ಸ್ಥಿತಿಯನ್ನು ಕುರಿತು ಚೊ ಇನ್-ಹುನ್ 1960ರಲ್ಲಿ ‘ಚೌಕ’ ಎಂಬ ಅರ್ಥದ ಹೆಸರಿನ ಕಾದಂಬರಿ ಬರೆದರು. ಕೊರಿಯಾದಲ್ಲಿ ಅದನ್ನು ಓದದ ವಿದ್ಯಾರ್ಥಿ ಅಪರೂಪ.

ಎರಡು ಸರಕಾರಗಳು ಒಂದು ಹಾಡನ್ನು ಒಪ್ಪಿದ ಕಥೆಗೆ ಮರಳೋಣ. 1963ರಲ್ಲಿ, ಟೋಕಿಯೋ ಒಲಿಂಪಿಕ್ಸ್‌ಗೆ ಒಂದೇ ತಂಡ ಕಳುಹಿಸುವ ಮಾತುಕತೆ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ನಡೆಯಿತು. ಬಾವುಟದ ವಿಷಯದಲ್ಲಿ ಜಗಳ ಬಗೆಹರಿಯಲಿಲ್ಲ, ತಂಡವೂ ಆಗಲಿಲ್ಲ. ಆದರೆ ಗೀತೆ ಅರಿರಾಂಗ್ ಆಗಲಿ ಎಂಬುದಕ್ಕೆ ಇಬ್ಬರೂ ತಲೆಯಾಡಿಸಿದ್ದರು. ಇದೇಕೆ ಸಾಧ್ಯವಾಯಿತು ಎಂದು ಕೇಳಿಕೊಂಡರೆ ಉತ್ತರ ಹಾಡಿನಲ್ಲಿಯೇ ಇದೆ. ಅದರಲ್ಲಿ ರಾಜನಿಲ್ಲ, ಪಕ್ಷವಿಲ್ಲ, ಶತ್ರುವಿಲ್ಲ. ಗೆದ್ದವರ ಹಾಡಾಗಿದ್ದರೆ ಸೋತವನು ದನಿಗೂಡಿಸುತ್ತಿರಲಿಲ್ಲ. ಹೋದವನೂ ಉಳಿದವಳೂ ಒಂದೇ ಮನೆಯವರೆಂಬ ಹಾಡನ್ನು ಗೆರೆಯ ಎರಡೂ ಕಡೆಯವರು ತಾವೇ ಉಳಿದವರೆಂದುಕೊಂಡು ಹಾಡಬಹುದು.

2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಎರಡೂ ಕೊರಿಯಾಗಳ ಆಟಗಾರರು ಒಂದೇ ಬಾವುಟದ ಹಿಂದೆ ಈ ಹಾಡಿಗೆ ಹೆಜ್ಜೆ ಹಾಕಿದರು. 2008ರ ಫೆಬ್ರವರಿ 26ರಂದು ಪ್ಯೊಂಗ್ಯಾಂಗ್‌ಗೆ ಬಂದ ಅಮೆರಿಕದ ನ್ಯೂಯಾರ್ಕ್ ಫಿಲ್‌ಹಾರ್ಮೊನಿಕ್ ವಾದ್ಯವೃಂದ ಕಛೇರಿ ಮುಗಿಸಿದ್ದು ಅರಿರಾಂಗ್‌ನಿಂದ. ಸಂಯೋಜನೆ ಉತ್ತರ ಕೊರಿಯಾದವರದೇ. 2018ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಜಂಟಿ ಮಹಿಳಾ ಐಸ್ ಹಾಕಿ ತಂಡ ಆಡಿತು. ಮೊದಲ ಪಂದ್ಯಕ್ಕೆ ಮುನ್ನ ಅರಿರಾಂಗ್ ನುಡಿಸಿದರು. ಸ್ವಿಟ್ಜರ್ಲೆಂಡ್ ಎದುರು 8-0 ಅಂತರದಿಂದ ಸೋತರು, ಮುಂದಿನ ಪಂದ್ಯಗಳನ್ನೂ ಸೋತರು. ತಂಡಕ್ಕಾಗಿ ವರ್ಷಗಟ್ಟಲೆ ಅಭ್ಯಾಸ ಮಾಡಿದ ದಕ್ಷಿಣದ ಹುಡುಗಿಯರ ಅವಕಾಶ ಕಸಿದುಕೊಂಡಂತಾಯಿತೆಂದು ಅಲ್ಲಿನ ಯುವಜನರೇ ಅಸಮಾಧಾನಪಟ್ಟರು. ಅದನ್ನೂ ಹೇಳದಿದ್ದರೆ ಲೇಖನ ಬರಿಯ ಹೊಗಳಿಕೆಯಾದೀತು.

ಹಾಡು ಯಾರದು ಎಂಬ ತಕರಾರೂ ಎದ್ದಿತು. 2011ರಲ್ಲಿ ಚೀನಾ ತನ್ನ ಕೊರಿಯನ್ ಜನಾಂಗದ ಅರಿರಾಂಗ್ ಅನ್ನು ತನ್ನ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿದಾಗ ದಕ್ಷಿಣ ಕೊರಿಯಾದಲ್ಲಿ ಕೋಲಾಹಲವಾಯಿತು. 2012ರ ಡಿಸೆಂಬರಿನಲ್ಲಿ ದಕ್ಷಿಣ ಕೊರಿಯಾದ ಅರ್ಜಿಯ ಮೇರೆಗೆ ಯುನೆಸ್ಕೋ ಅದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. 2014ರಲ್ಲಿ ಉತ್ತರ ಕೊರಿಯಾದ ಅರ್ಜಿಯೂ ಸ್ವೀಕೃತವಾಯಿತು. 2015ರಲ್ಲಿ ದಕ್ಷಿಣ ಕೊರಿಯಾ ತನ್ನ ದೇಶದೊಳಗೂ ಅದಕ್ಕೆ ರಾಷ್ಟ್ರೀಯ ಪರಂಪರೆಯ ಮನ್ನಣೆ ಕೊಟ್ಟಿತು. ಅಲ್ಲಿಯವರೆಗಿನ ಪದ್ಧತಿಯಂತೆ ಇಂತಹ ಕಲೆಗೆ ಒಬ್ಬ ಅಧಿಕೃತ ಕಲಾವಿದ ಅಥವಾ ಸಂಸ್ಥೆಯನ್ನು ವಾರಸುದಾರರೆಂದು ಹೆಸರಿಸಲಾಗುತ್ತಿತ್ತು. ಅರಿರಾಂಗ್‌ಗೆ ಮಾತ್ರ ಯಾರನ್ನೂ ಹೆಸರಿಸಲಿಲ್ಲ. ಎಲ್ಲರೂ ಹಾಡುವುದಕ್ಕೆ ಒಬ್ಬ ವಾರಸುದಾರ ಹೇಗಿರಲು ಸಾಧ್ಯ?

2023ರ ಕೊನೆಯಲ್ಲಿ ಉತ್ತರ ಕೊರಿಯಾದ ನಾಯಕ ಕಿಮ್ ಜಾಂಗ್-ಉನ್, ದಕ್ಷಿಣದೊಂದಿಗೆ ಇನ್ನು ರಕ್ತಸಂಬಂಧದ ಮಾತಿಲ್ಲ, ಅದು ಶತ್ರುದೇಶ ಎಂದು ಸಾರಿದರು. 2024ರ ಜನವರಿಯಲ್ಲಿ ಪ್ಯೊಂಗ್ಯಾಂಗ್‌ನ ಏಕೀಕರಣದ ಕಮಾನನ್ನು ಕೆಡವಿದ್ದು ಉಪಗ್ರಹದ ಚಿತ್ರಗಳಲ್ಲಿ ಕಂಡಿತು. ಯುನೆಸ್ಕೋದ ಪಟ್ಟಿಯನ್ನು ತೆರೆದು ನೋಡಿ. ‘ಸ್ಸಿರುಮ್’ ಎಂಬ ಕೊರಿಯನ್ ಕುಸ್ತಿ 2018ರಲ್ಲಿ ಎರಡೂ ದೇಶಗಳ ಹೆಸರಿನಲ್ಲಿ ಒಂದೇ ನಮೂದಾಗಿ ಸೇರಿದೆ. ಅರಿರಾಂಗ್‌ಗೆ ಇಂದಿಗೂ ಎರಡು ನಮೂದುಗಳಿವೆ.